ತುರ್ಕ್‌ಮೆನ್ನರನ್ನು ಯಾರೂ ಕೇಳಲಿಲ್ಲ

ಮುಸ್ಲಿಮ್ ಗೋತ್ರ ಸಮಾಜಗಳಿಗೆ ರಾಷ್ಟ್ರವೆಂಬ ಕಲ್ಪನೆಯೇ ಇರಲಿಲ್ಲ, ಅದನ್ನು ಹೊರಗಿನವರು ದಾನವಾಗಿ ಕೊಡಬೇಕಾಯಿತು ಎಂಬ ವಾದವನ್ನು ನಾವು ಆಗಾಗ ಕೇಳುತ್ತೇವೆ. ಇದಕ್ಕೆ ತುರ್ಕ್‌ಮೆನಿಸ್ತಾನವನ್ನು ಉದಾಹರಿಸುವವರು ಅಲ್ಲಿನ ಇತಿಹಾಸವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ತೆಕೆ, ಯೊಮುತ್, ಎರ್ಸಾರಿ, ಸಾರಿಕ್, ಸಾಲೊರ್ ಮುಂತಾದ ತುರ್ಕ್‌ಮೆನ್ ಗೋತ್ರಗಳಿಗೆ ಒಬ್ಬ ಸಾಮಾನ್ಯ ದೊರೆ ಇರಲಿಲ್ಲವೆಂಬುದು ನಿಜ. ಅವು ಪರಸ್ಪರ ಕಾದಾಡಿದ್ದೂ ನಿಜ. ಅವರ ದಾಳಿಗಳಲ್ಲಿ ಸೆರೆಯಾದ ಇರಾನಿನ ಜನರು ಖೀವಾ, ಬುಖಾರಾಗಳ ಗುಲಾಮರ ಸಂತೆಯಲ್ಲಿ ಮಾರಲ್ಪಟ್ಟರು. ಇದನ್ನು ಮರೆಮಾಚುವ ಅಗತ್ಯ ನಮಗಿಲ್ಲ. ಆದರೆ 1881ರ ಜನವರಿಯಲ್ಲಿ ಗ್ಯೋಕ್‌ತೆಪೆ ಕೋಟೆಯನ್ನು ಒಡೆದು, ಓಡುತ್ತಿದ್ದ ಸ್ತ್ರೀಯರನ್ನೂ ಬಿಡದೆ ಸಾವಿರಾರು ಮಂದಿಯನ್ನು ಕೊಂದ ಸ್ಕೋಬೆಲೆವ್‌ನ ರಷ್ಯನ್ ಸೇನೆ ನಾಗರಿಕತೆ ಕಲಿಸಲು ಬಂದಿತ್ತೇ?

1924ರಲ್ಲಿ ಸೋವಿಯತ್ ಸರಕಾರವು ಮಧ್ಯ ಏಶ್ಯಾವನ್ನು ಜನಾಂಗಗಳ ಹೆಸರಿನಲ್ಲಿ ವಿಂಗಡಿಸಿ ತುರ್ಕ್‌ಮೆನ್ ಗಣರಾಜ್ಯವನ್ನು ಸ್ಥಾಪಿಸಿತು. ಗೋತ್ರಕಲಹ ತಪ್ಪಿಸಲೆಂದು ಆಡಳಿತದಲ್ಲಿ ಗೋತ್ರಗಳಿಗೆ ಸಮಪಾಲು ಕೊಡುವ ನೀತಿಯನ್ನೂ ತಂದಿತು. ಪರಿಣಾಮ ತದ್ವಿರುದ್ಧವಾಯಿತು. ಗೋತ್ರದ ಲೆಕ್ಕದಲ್ಲೇ ಪಾಲು ಸಿಗುವುದಾದರೆ ಗೋತ್ರವನ್ನು ಮರೆಯುವವರಾರು? ಮೇಲಾಗಿ ಅರಬಿ ಲಿಪಿಯನ್ನು ಕಿತ್ತು ಲ್ಯಾಟಿನ್ ಲಿಪಿಯನ್ನೂ, 1940ರಲ್ಲಿ ಅದನ್ನೂ ಕಿತ್ತು ಸಿರಿಲಿಕ್ ಲಿಪಿಯನ್ನೂ ಹೇರಲಾಯಿತು. ಅಜ್ಜ ಬರೆದದ್ದನ್ನು ಮೊಮ್ಮಗ ಓದಲಾರದಾದ. ಇಷ್ಟರ ನಡುವೆಯೂ ಗೋತ್ರಗಳ ಭಿನ್ನ ಉಪಭಾಷೆಗಳಿಂದ ಒಂದು ಬರಹದ ಭಾಷೆಯನ್ನು ರೂಪಿಸಲು ದುಡಿದವರು ತುರ್ಕ್‌ಮೆನ್ ವಿದ್ಯಾವಂತರೇ. ಆ ಗಣರಾಜ್ಯದ ಆಡಳಿತ ನಡೆಸಿದ ಗಯ್ಗಿಸಿಜ್ ಅತಾಬಾಯೆವ್ ಮತ್ತು ನೆದಿರ್‌ಬಾಯ್ ಐತಾಕೋವ್ ಇಬ್ಬರನ್ನೂ 1938ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಇದು ಎಂತಹ ದಾನ?

1991ರಲ್ಲಿ ಸ್ವಾತಂತ್ರ್ಯ ಬಂತು. ಮರುವರ್ಷದ ಧ್ವಜದಲ್ಲಿ ಐದು ಗೋತ್ರಗಳ ಜಮಖಾನೆಯ ಐದು ಚಿತ್ತಾರಗಳು ಒಂದೇ ಪಟ್ಟಿಯಲ್ಲಿ ಮೂಡಿದವು. ಬಟ್ಟೆಯ ಮೇಲೇನೋ ಸಮಾನತೆ ಚೆನ್ನಾಗಿಯೇ ಇತ್ತು! ಅಧಿಕಾರ ಮಾತ್ರ 1985ರಿಂದಲೇ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ ಸಪರ್‌ಮುರಾತ್ ನಿಯಾಝೋವ್‌ರ ಕೈಯಲ್ಲೇ ಉಳಿಯಿತು. ತುರ್ಕ್‌ಮೆನ್ನರ ಮೂಲವನ್ನು ಪ್ರವಾದಿ ನೂಹ್‌ರವರೆಗೆ ಒಯ್ಯುವ ಅವರ 'ರೂಹ್‌ನಾಮಾ' 2001ರಲ್ಲಿ ಪ್ರಕಟವಾಗಿ ಶಾಲೆಗಳಲ್ಲಿ ಕಡ್ಡಾಯವಾಯಿತು. ವಾಹನ ಚಾಲನಾ ಪರವಾನಿಗೆಗೂ ಅದರ ಪರೀಕ್ಷೆ. 2004ರಲ್ಲಿ ಅವರ ಹುಟ್ಟೂರು ಗಿಪ್‌ಜಾಕ್‌ನಲ್ಲಿ ತೆರೆದ ಮಸೀದಿಯ ಗೋಡೆಗಳಲ್ಲಿ ಪವಿತ್ರ ಕುರ್‌ಆನಿನ ವಚನಗಳ ಜೊತೆ ಆ ಪುಸ್ತಕದ ವಾಕ್ಯಗಳನ್ನೂ ಕೆತ್ತಲಾಯಿತು. ಗೋತ್ರಗಳು ಪರಸ್ಪರ ಪರಿಚಯಕ್ಕಾಗಿ ಮಾತ್ರ ಎಂದು ಸಾರಿದ ಗ್ರಂಥದ ಪಕ್ಕದಲ್ಲಿ ವಂಶಹಿರಿಮೆಯ ಪುಸ್ತಕ! ನಾಸ್ತಿಕ ಆಡಳಿತವೂ ಮಾಡದ ಧೈರ್ಯವಿದು.

ಹಿಂದೆ ತುರ್ಕ್‌ಮೆನ್ ಗೋತ್ರಗಳು ಯುದ್ಧಕಾಲದಲ್ಲಿ ಖಾನನನ್ನು ಆರಿಸುತ್ತಿದ್ದವು, ಜನರ ಒಪ್ಪಿಗೆ ಕಳೆದುಕೊಂಡ ಖಾನನ ಮಾತು ನಡೆಯುತ್ತಿರಲಿಲ್ಲ. ನಿಯಾಝೋವ್ 2006ರಲ್ಲಿ ನಿಧನರಾದ ಬಳಿಕ ಗುರ್ಬಾನ್‌ಗುಲಿ ಬೆರ್ದಿಮುಹಮ್ಮದೊವ್ ಬಂದರು. 2022ರಲ್ಲಿ ಅವರ ಮಗ ಸೆರ್ದಾರ್ ಅಧ್ಯಕ್ಷರಾದರು.