ಡುರಾಂಟ ನಂಬಿ ನಾಯಿ ಬಿಟ್ಟವರು

"ಡುರಾಂಟ ಹಾಕ್ಸಿ ಸಾರ್. ಒಂದು ಮಳೆಗಾಲ ಕಳೀಲಿ, ಗೋಡೆ ಥರ ನಿಂತ್ಕೊಳುತ್ತೆ. ನಾಯಿ ಏನು, ಇಲೀನೂ ಆಚೆ ಹೋಗಲ್ಲ."

ಅರೆಕೆರೆಯ ನರ್ಸರಿಯೊಂದರಲ್ಲಿ ಈ ಮಾತು ನಂಬಿ ನಲವತ್ತು ಸಸಿ ಹೊತ್ತು ತಂದವನು ನಾನು. ಬಾಡಿಗೆ ಮನೆ, ಪಕ್ಕದಲ್ಲಿ ಓನರ್‌ದೇ ಖಾಲಿ ಸೈಟು, ಆ ಕಡೆ ಕಾಂಪೌಂಡ್ ಇಲ್ಲ. ಗಿಡ ಎದೆಮಟ್ಟ ಬಂದ ಮೇಲೆ ಕರಿಯನನ್ನ ಸೈಟಲ್ಲಿ ಬಿಟ್ಟು ಆಫೀಸಿಗೆ ಹೋಗೋಕೆ ಶುರು ಮಾಡಿದೆ. ನಿಂತು ನೋಡಿದರೆ ದಟ್ಟ ಹಸಿರು. ಆದರೆ ಕರಿಯ ನೋಡೋದು ನೆಲದಿಂದ ಒಂದಡಿ ಎತ್ತರದಲ್ಲಿ. ಅಲ್ಲಿ ಎಲೆಯೇ ಇಲ್ಲ, ಬರೀ ಕಾಂಡ, ನಡುನಡುವೆ ಗೇಣಗಲ ಕಂಡಿ. ಒಂದು ಮಧ್ಯಾಹ್ನ ತೂರಿಕೊಂಡು ಹೋದ. ಬನ್ನೇರುಘಟ್ಟ ರಸ್ತೆಯಲ್ಲಿ ಟೆಂಪೊ ಹೊಡೆಯಿತು. ಬದುಕಿದ. ಈಗ ಮೂರೇ ಕಾಲು.

ನರ್ಸರಿಯವನನ್ನ ಬೈದು ಪ್ರಯೋಜನವಿಲ್ಲ, ಗಿಡ ಮಾರೋದು ಅವನ ಕಸುಬು. ಬೇಲಿಗಳ ನಡುವೆಯೇ ಬೆಳೆದ ನನಗೆ ಬುದ್ಧಿ ಇರಬೇಕಿತ್ತು. ಫೋನಲ್ಲಿ ಅಪ್ಪ ಒಂದೇ ಮಾತು ಅಂದರು: "ಬೇಲಿ ಹಾಕೋದು ದನ ಒಳಗೆ ಬರ್ದೇ ಇರ್ಲಿ ಅಂತ ಕಣೋ. ನಾಯಿ ಆಚೆ ಹೋಗದಂಗೆ ಯಾವನ್ಲಾ ಬೇಲಿ ಹಾಕಿದ್ದ?" ನಿಜ ತಾನೆ? ಕತ್ತಾಳೆ ಸಾಲಾಗಲಿ, ಜಾಲಿಮುಳ್ಳಿನ ಒಣಬೇಲಿಯಾಗಲಿ, ದನ ಮುಖಕ್ಕೆ ಚುಚ್ಚಿತು ಅಂತ ನಿಲ್ಲುತ್ತೆ. ನಾಯಿ ಹೊಟ್ಟೆ ನೆಲಕ್ಕೊತ್ತಿ ನುಸುಳುತ್ತೆ. ಊರಲ್ಲಿ ಯಾವ ಬೇಲಿಯೂ ಯಾವ ನಾಯಿಯನ್ನೂ ತಡೆದದ್ದು ನಾನು ಕಂಡಿಲ್ಲ.

ಲೇಔಟಿನ ವಾಟ್ಸ್ಆ್ಯಪ್ ಗ್ರೂಪಲ್ಲಿ ಆಮೇಲೆ ಬಂದ ಸಲಹೆಗಳನ್ನ ಕೇಳಿ. ಒಬ್ಬರು ಕಳ್ಳಿ ಹಾಕಿ ಅಂದರು. ಅದರ ಹಾಲು ಕಣ್ಣಿಗೆ ಬಿದ್ದರೆ ನಾಯಿಗೂ ಕಷ್ಟ, ಮಕ್ಕಳಿಗೂ ಕಷ್ಟ. ಇನ್ನೊಬ್ಬರು ಕಣಗಿಲೆ ಅಂದರು. ಅದರ ಎಲೆ, ಹೂವು, ಕಾಂಡ ಎಲ್ಲಾ ವಿಷ, ಹೃದಯಕ್ಕೇ ಹೊಡೆಯುತ್ತೆ. ಎಳೇ ನಾಯಿಗಳಿಗೆ ಕಂಡಿದ್ದೆಲ್ಲ ಕಚ್ಚೋ ಚಟ. ನನ್ನ ಡುರಾಂಟದ ಹಳದಿ ಕಾಯಿಯೂ ವಿಷವೇ ಅಂತ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ ಕರಿಯನ ಪಕ್ಕ ಕೂತಿದ್ದಾಗ. ಲಂಟಾನ ಹಾಕಿ ಅಂದವರೂ ಇದ್ದಾರೆ! ಬಂಡೀಪುರದ ಕಾಡು ನುಂಗಿದ ಕಳೆಯನ್ನ ದುಡ್ಡು ಕೊಟ್ಟು ತಂದು ನೆಡಬೇಕಂತೆ.

ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ಕಾಲದಲ್ಲಿ ಮುಳ್ಳಿನ ಹೆಬ್ಬೇಲಿ ಇತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನೂ ದಾಟಿ ನುಗ್ಗಿತು. ಆದರೆ ಬರೀ ಗಿಡ ನಂಬಿ ಟಿಪ್ಪು ಮಲಗಿರಲಿಲ್ಲ. ಬೇಲಿಯ ಹಿಂದೆ ಫಿರಂಗಿ ಇಟ್ಟಿದ್ದ, ಕಾವಲು ಇಟ್ಟಿದ್ದ. ಬೇಲಿ ತಡ ಮಾಡುತ್ತೆ, ತಡೆಯಬೇಕಾದವನು ಕಾವಲಿನವನು. ನಾವು ಕಾವಲಿನವನನ್ನೇ ಆಫೀಸಿಗೆ ಕಳಿಸಿ, ಬೇಲಿಯನ್ನ ಕೆಲಸಕ್ಕೆ ಇಟ್ಟುಕೊಂಡಿದ್ದೀವಿ.

ಹಾಗಾದ್ರೆ ಏನ್ ಮಾಡ್ಬೇಕು? ಮೊದಲು ಐದಡಿ ಚೈನ್‌ಲಿಂಕ್ ಮೆಶ್ ಹಾಕಿಸಿ. ಇನ್ನೊಂದಡಿ ಹೆಚ್ಚಿಗೆ ತಗೊಂಡು, ಆ ಕೆಳ ಅಂಚನ್ನ ಒಳಮುಖವಾಗಿ ಮಡಚಿ ಮಣ್ಣಲ್ಲಿ ಹೂಳಿ, ಯಾಕಂದ್ರೆ ನಾಯಿ ಕೆರೆಯೋದು ಬೇಲಿಯ ಬುಡದಲ್ಲೇ. ಗಿಡ ಮೆಶ್‌ನ ಹೊರಗಡೆ ಇರಲಿ. ದಾಸವಾಳ ಸಾಕು. ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರೋ ಹಾಗೆ. ಮೊಣಕಾಲುದ್ದ ಆದಾಗಲೇ ತುದಿ ಕತ್ತರಿಸಿ, ಆಗ ಬುಡದಿಂದ ಕವಲೊಡೆಯುತ್ತೆ. ನಾನು ಎತ್ತರದ ಆಸೆಗೆ ಕತ್ತರಿ ಹಾಕದೆ ಬಿಟ್ಟೆ, ಅದಕ್ಕೇ ಕೆಳಗೆ ಕಂಡಿ. ಗೇಟಿಗೆ ತಾನಾಗೇ ಮುಚ್ಚೋ ಸ್ಪ್ರಿಂಗ್ ಹಾಕಿಸಿ. ದಿನಕ್ಕೆ ಹತ್ತು ಡೆಲಿವರಿ ತರಿಸಿ, ಗೇಟು ತೆರೆದು ಹೋದ ಅಂತ ಆ ಹುಡುಗನ ಮೇಲೆ ರೇಗಬೇಡಿ.

ಇದೆಲ್ಲ ಮಾಡಿದರೂ ಮುಖ್ಯವಾದದ್ದು ಬಾಕಿ ಇದೆ. ನಾಯಿ ಯಾಕೆ ಆಚೆ ಹೋಗುತ್ತೆ? ಹತ್ತು ಗಂಟೆ ಒಂಟಿಯಾಗಿ ಬಿದ್ದಿರುತ್ತೆ, ಅದಕ್ಕೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಲ್ಲಿ ಕೂಡಿಟ್ಟ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡಿಸದೇ ಇರೋದು ಕ್ರೌರ್ಯ ಅಂತ ಅದು ಹೇಳುತ್ತೆ. ಅದೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಒಂದು ಫಿಲ್ಟರ್ ಕಾಫಿಯ ದುಡ್ಡು. ಕಾನೂನಿಗೆ ಹೆದರಿ ನಾವು ಒಳ್ಳೆಯವರಾಗ್ತೀವಿ ಅನ್ನೋ ಆಸೆ ಬಿಡಿ.

"ಟೈಮ್ ಎಲ್ಲಿದೆ ಗುರೂ, ಸಿಲ್ಕ್ ಬೋರ್ಡ್ ದಾಟೋಕೇ ಒಂದು ಗಂಟೆ" ಅನ್ನೋರಿಗೆ ನನ್ನ ಉತ್ತರ ಸರಳ. ಟೈಮ್ ಇಲ್ಲದಿದ್ರೆ ನಾಯಿ ಸಾಕಬೇಡಿ. ಥರ್ಟಿ ಫಾರ್ಟಿ ಸೈಟಿನ ಮನೇಲಿ ಹಸ್ಕಿ ತಂದಿಟ್ಟು, ಇನ್‌ಸ್ಟಾಗ್ರಾಮ್‌ಗೆ ಫೋಟೊ ಹಾಕಿ, ಉಳಿದ ಹೊತ್ತೆಲ್ಲ ಅದನ್ನ ಗಿಡದ ಸುಪರ್ದಿಗೆ ಬಿಡೋದಕ್ಕೆ ಪ್ರೀತಿ ಅನ್ನೋ ಹೆಸರು ಬೇಡ. ಬೇಲಿಯೇ ಎದ್ದು ಹೊಲ ಮೇಯ್ತು ಅಂತ ಗಾದೆ ಹೇಳ್ತೀವಲ್ಲ, ನನ್ನ ಮನೇಲಿ ಪಾಪ ಬೇಲಿ ಏನೂ ಮಾಡಲಿಲ್ಲ. ಕಾಯಬೇಕಾದ ನಾನೇ ಎದ್ದು ಹೋಗಿದ್ದೆ.

ಈಗ ಬೆಳಿಗ್ಗೆ ಆರಕ್ಕೆ ಕರಿಯನೂ ನಾನೂ ಲೇಔಟ್ ಸುತ್ತುತ್ತೀವಿ. ಮೂರು ಕಾಲಲ್ಲಿ ಅವನು ಮುಂದೆ, ಎರಡು ಕಾಲಲ್ಲಿ ನಾನು ಹಿಂದೆ. ಮನೆಗೆ ಬಂದ ಮೇಲೆ ಸಂಜೆವರೆಗೂ ಅವನು ಬೇಲಿ ಕಡೆ ತಿರುಗಿಯೂ ನೋಡಲ್ಲ.