ಟೊಮೇಟೊದಲ್ಲಿ ಮೀನು ಹುಡುಕುತ್ತಾ...

ನಿಮಿಷಾಂಬ ದೇವಸ್ಥಾನದ ರಸ್ತೆ ಬದಿ ತರಕಾರಿ ಇಟ್ಟುಕೊಂಡು ಕೂತಿದ್ದೆ. ದರ್ಶನ ಮುಗಿಸಿ ಬಂದ ಅಮ್ಮ ಒಬ್ಬರು ಟೊಮೇಟೊ ಒತ್ತಿ ನೋಡಿ, "ಇದಕ್ಕೆ ಮೀನಿನ ಜೀನು ಸೇರಿಸಿಲ್ಲ ತಾನೇನಪ್ಪಾ? ನಾವು ತಿನ್ನೋರಲ್ಲ" ಅಂದರು. "ಇಲ್ಲ ತಾಯಿ, ಅಂಥ ಟೊಮೇಟೊ ಯಾವ ದೇಶದ ಅಂಗಡಿಗೂ ಬಂದಿಲ್ಲ" ಅಂದೆ. ನಂಬಿದಂತೆ ಕಾಣಲಿಲ್ಲ.

ಆ ಸುದ್ದಿ ಪೂರಾ ಸುಳ್ಳೂ ಅಲ್ಲ. ಅಟ್ಲಾಂಟಿಕ್ ಸಮುದ್ರದ ಕೊರೆಯುವ ನೀರಿನಲ್ಲಿ ಫ್ಲೌಂಡರ್ ಎಂಬ ಚಪ್ಪಟೆ ಮೀನಿದೆ. ಅದರ ರಕ್ತ ಹೆಪ್ಪುಗಟ್ಟದಂತೆ ಒಂದು ಪ್ರೋಟೀನು ಕಾಯುತ್ತದೆ. ಆ ಗುಣವನ್ನು ಟೊಮೇಟೊಗೆ ತರಲು ಅಮೆರಿಕದ ಕಂಪೆನಿಯೊಂದು 1991ರಲ್ಲಿ ಹೊಲದಲ್ಲಿ ಪ್ರಯೋಗ ಮಾಡಿತು. ಕೈಗೂಡಲಿಲ್ಲ, ಬಿಟ್ಟರು. ಕೈಗೂಡಿದ್ದರೂ ಗಂಜಾಂನವರಿಗೇನು ಲಾಭ? ನಮ್ಮ ಟೊಮೇಟೊ ಸೊರಗುವುದು ಬಿಸಿಲಿಗೆ, ಎಲೆಮುದುಡು ರೋಗಕ್ಕೆ, ಹಿಮಕ್ಕಲ್ಲ.

ನನ್ನ ತಕರಾರು ಇಷ್ಟೆ. ಎಲ್ಲೂ ಇಲ್ಲದ ಮೀನಿಗೆ ಹೆದರುತ್ತಾ ಕಾಲಡಿಯ ಜೀವಿಯನ್ನು ಮರೆತಿದ್ದೇವೆ. ಬಿ.ಟಿ. ಬದನೆಗೆ ಹಾಕಿದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನು. "ಮೀನಲ್ಲವಲ್ಲ, ಬರೀ ಮಣ್ಣಿಂದು" ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾಗಿದ್ದೇ ರೋಗ ಬಂದ ರೇಷ್ಮೆಹುಳುಗಳಲ್ಲಿ, 1901ರಲ್ಲಿ, ಜಪಾನಿನಲ್ಲಿ! ಅದರ ವಿಷ ಪತಂಗ ಜಾತಿಯ ಹುಳುಗಳ ಕ್ಷಾರದ ಕರುಳಿನಲ್ಲಿ ಕೆಲಸ ಮಾಡುತ್ತದೆ. ನಮ್ಮ ಹೊಟ್ಟೆ ಹುಳಿ, ನಮಗೆ ತಟ್ಟುವುದಿಲ್ಲ. ರೇಷ್ಮೆಹುಳುವೂ ಪತಂಗದ ಮರಿಯೇ ಅಲ್ಲವೆ? ಬದನೆಗೆ ಬಿ.ಟಿ. ಪುಡಿ ಕಲಸಿ ಹೊಡೆಯುವಾಗ ಗಾಳಿ ಪಕ್ಕದವರ ಹಿಪ್ಪುನೇರಳೆ ಕಡೆ ತಿರುಗಿದರೆ ನಾನು ಪಂಪು ಕೆಳಗಿಳಿಸಿಬಿಡುತ್ತೇನೆ.

ಹೊಡೆದ ಪುಡಿ ಕೆಲವೇ ದಿನದಲ್ಲಿ ಬಿಸಿಲಿಗೆ ಕೆಡುತ್ತದೆ. ಗಿಡದೊಳಗೇ ಕೂತ ಜೀನು ಬೆಳೆ ಮುಗಿಯುವ ತನಕ ವಿಷ ಮಾಡುತ್ತಲೇ ಇರುತ್ತದೆ. ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಆ ಮೊದಲ ಹತ್ತಿಯನ್ನು ಅರಗಿಸಿಕೊಂಡಿತ್ತು, ಆಮೇಲೆ ಎರಡು ಜೀನಿನದನ್ನೂ. ಬದನೆಗೆ ಸೇರಿಸಿದ್ದು ಆ ಮೊದಲ ಹತ್ತಿಯ ಜೀನನ್ನೇ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯ ನಮ್ಮ ನಾಟಿ ತಳಿಗಳಿಗೂ ಅದನ್ನು ತಂದಿತ್ತು. 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ತಡೆದದ್ದು ಸರಿಯೇ ಆಯಿತು. ಬಾಂಗ್ಲಾದೇಶದವರು 2014ರಿಂದ ಬೆಳೆಯುತ್ತಿದ್ದಾರೆ. ಕಾಯಿಕೊರಕಕ್ಕೆ ಮತ್ತೆ ಮತ್ತೆ ಔಷಧಿ ಹೊಡೆಯುವ ನಮ್ಮ ಪಾಡೂ ಚೆಂದವಿಲ್ಲ, ಒಪ್ಪಿದೆ. ಆದರೆ ಹೊಡೆಯೋದನ್ನು ನಾಳೆ ನಿಲ್ಲಿಸಬಹುದು. ಬೀಜದೊಳಗೆ ಕೂತದ್ದನ್ನು?

ಆ ಅಮ್ಮ ಕೊನೆಗೆ ಟೊಮೇಟೊ ಬಿಟ್ಟು ಒಂದು ಕೆ.ಜಿ. ಬದನೆಕಾಯಿ ಕೊಂಡರು. ಅದಕ್ಕೇನು ಹೊಡೆದಿದ್ದೀಯಾ ಅಂತ ಕೇಳಲಿಲ್ಲ.