ಸ್ಪೇನ್‌ನಲ್ಲಿ ಊರು ಆರಿಸುವ ಮೊದಲು ತಿಂಗಳು ಆರಿಸಿ

ಸ್ಪೇನ್ ಅಂದ ಕೂಡಲೇ ನಮ್ಮ ವಯಸ್ಸಿನವರ ಬಾಯಲ್ಲಿ ಬರುವುದು ಮೂರೇ ಹೆಸರು: ಬಾರ್ಸಿಲೋನಾ, ಇಬಿಜಾ, ಟೊಮ್ಯಾಟಿನಾ. ಮೊದಲನೆಯದು ಫುಟ್‌ಬಾಲ್‌ನಿಂದ, ಎರಡನೆಯದು ರೀಲ್ಸ್‌ನಿಂದ, ಮೂರನೆಯದು 2011ರಲ್ಲಿ ಬಂದ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಸಿನಿಮಾದಿಂದ. ಇದು ಬರೀ ಕನಸಿನ ಮಾತೂ ಅಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಎಂಎಸ್ ಮಾಡಲು ಜರ್ಮನಿಗೆ ಹೋಗುವವರು ಈಗ ಕಡಿಮೆಯೇನಿಲ್ಲ. ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿದ್ದರೆ ಸ್ಪೇನ್‌ಗೆ ಬೇರೆ ವೀಸಾ ಬೇಡ, 180 ದಿನಗಳಲ್ಲಿ 90 ದಿನದವರೆಗೆ ಸುತ್ತಬಹುದು. ಸೆಮಿಸ್ಟರ್ ರಜೆ ಬಂದರೆ ಅಗ್ಗದ ವಿಮಾನ ಟಿಕೆಟ್ ಹುಡುಕಿ ಹೊರಡುತ್ತಾರೆ. ಹೊರಡಲಿ, ಸಂತೋಷ. ಆದರೆ ಎಲ್ಲರೂ ಅದೇ ಮೂರು ಕಡೆಗೆ, ಅದೂ ಬೇಸಿಗೆಯ ನಡುವೆಯೇ ಏಕೆ ಹೋಗಬೇಕು ಎಂಬುದು ನನ್ನ ಪ್ರಶ್ನೆ.

ಸ್ಪೇನ್‌ನ ಜನಸಂಖ್ಯೆ ಸುಮಾರು 4.9 ಕೋಟಿ. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ. ಮನೆಯವರಿಗಿಂತ ನೆಂಟರೇ ಹೆಚ್ಚು! ಅದೇ ವರ್ಷದ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಮೆರವಣಿಗೆ ಹೊರಟ ಸ್ಥಳೀಯರು ಹೋಟೆಲ್‌ಗಳ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ನೋಡಲು ತಮಾಷೆ, ಆದರೆ ಸಿಟ್ಟು ನಿಜವಾದದ್ದು. ಮನೆಯನ್ನು ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಮಾಲೀಕರಿಗೆ ಲಾಭ ಜಾಸ್ತಿ. ಹತ್ತು ವರ್ಷಗಳಲ್ಲಿ ನಗರದ ಬಾಡಿಗೆ ಶೇ 68ರಷ್ಟು ಏರಿದೆ ಎಂದ ಮೇಯರ್ ಜೌಮೆ ಕೊಲ್ಬೋನಿ, ಇಂಥ 10,101 ಅಪಾರ್ಟ್‌ಮೆಂಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ ಘೋಷಿಸಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಾ ಬಾಡಿಗೆ ರೂಮಿಗಾಗಿ ಅಲೆದವರಿಗೆ ಅಲ್ಲಿನ ಹುಡುಗ ಹುಡುಗಿಯರ ಸಂಕಟವನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಬೇಕು. ಆದರೆ ಊರಿನ ಹೆಸರಿನಿಂದ ಶುರು ಮಾಡುವುದನ್ನು ಬಿಟ್ಟು ತಿಂಗಳಿನಿಂದ ಶುರು ಮಾಡಬೇಕು. ದಕ್ಷಿಣದ ಸೆವಿಲ್, ಕಾರ್ಡೊಬಾಗಳಲ್ಲಿ ಜುಲೈ, ಆಗಸ್ಟ್‌ನ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಕಲಬುರಗಿಯ ಮೇ ತಿಂಗಳನ್ನು ನೋಡಲು ಯುರೋಪಿಗೆ ಹೋಗಬೇಕೇ? ಆದರೆ ಜರ್ಮನಿಯಲ್ಲಿ ತರಗತಿಗಳಿಲ್ಲದ ಫೆಬ್ರುವರಿ, ಮಾರ್ಚ್‌ನಲ್ಲಿ ಅದೇ ಊರುಗಳು ಹಿತವಾಗಿರುತ್ತವೆ. ಕಾರ್ಡೊಬಾದ ಹಳೆಯ ಮಸೀದಿ, ಗ್ರನಾಡಾದ ಅಲ್ಹಂಬ್ರಾ ಅರಮನೆ ನೋಡಲು ಅದು ಸರಿಯಾದ ಕಾಲ. ಅಲ್ಹಂಬ್ರಾಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು.

ಸಮುದ್ರವೇ ಬೇಕೆನ್ನುವವರಿಗೆ ಮಾರ್ಚ್ ಆಗದು, ನೀರು ತಣ್ಣಗಿರುತ್ತದೆ. ಸೆಪ್ಟೆಂಬರ್ ಒಳ್ಳೆಯದು. ಬೇಸಿಗೆಯಿಡೀ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಶಾಲೆ ಶುರುವಾಗಿ ಕುಟುಂಬಗಳು ಮರಳಿರುತ್ತವೆ. ಆಗಸ್ಟ್ ಬಿಟ್ಟರೆ ಬೇರೆ ರಜೆಯೇ ಇಲ್ಲವೆಂದರೆ ಉತ್ತರದ ಹಿಹೋನ್, ಸಂಟಾಂಡರ್ ಕಡೆ ಹೋಗಬಹುದು. ಅಲ್ಲಿ ಮಳೆಯೂ ಇದೆ, ಹಸಿರೂ ಇದೆ, ಬಿಸಿಲು ಕಡಿಮೆ.

ತಿಂಗಳಾದ ಮೇಲೆ ಊರು. ಪ್ರವಾಸಿಗರು ಹೋದ ಮೇಲೂ ತನ್ನ ಪಾಡಿಗೆ ತಾನು ಬದುಕುವ ಊರಿಗೆ ನನ್ನ ಓಟು. ವೆಲೆನ್ಸಿಯಾವನ್ನೇ ನೋಡಿ. 1957ರ ಭೀಕರ ಪ್ರವಾಹದ ನಂತರ ತೂರಿಯಾ ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಲಾಯಿತು. ಬರಿದಾದ ಪಾತ್ರದಲ್ಲಿ ಹೆದ್ದಾರಿ ಮಾಡಲು ಹೊರಟಾಗ ಜನ ವಿರೋಧಿಸಿದರು, ಇವತ್ತು ಅಲ್ಲಿ ಸುಮಾರು 9 ಕಿ.ಮೀ. ಉದ್ದದ ಉದ್ಯಾನವಿದೆ. 2024ರ ಅಕ್ಟೋಬರ್‌ನ ಪ್ರವಾಹದಲ್ಲಿ ಆ ಹೊಸ ಪಾತ್ರ ನಗರದ ಮಧ್ಯಭಾಗವನ್ನು ಉಳಿಸಿತು, ಆದರೆ ಅದರಾಚೆಯ ಊರುಗಳು ಮುಳುಗಿ 200ಕ್ಕೂ ಹೆಚ್ಚು ಜನ ಸತ್ತರು. ಎಂಜಿನಿಯರಿಂಗ್ ಓದುವ ನಮಗೆ ಇದಕ್ಕಿಂತ ದೊಡ್ಡ ಪಾಠ ಯಾವ ಬೀಚ್ ರೆಸಾರ್ಟ್ ಕೊಟ್ಟೀತು? ಬೀಚ್ ಅಲ್ಲೂ ಇದೆ, ನಗರದ ಟ್ರಾಮ್‌ನಲ್ಲೇ ಹೋಗಬಹುದು. ಇನ್ನೊಂದು, ಫಿನಿಷಿಯನ್ನರು ಕಟ್ಟಿದ ಕಾಡಿಸ್. ಸೆವಿಲ್‌ನಿಂದ ರೈಲಿನಲ್ಲಿ ಹೋಗಬಹುದಾದ ಈ ಹಳೆಯ ಬಂದರಿನಲ್ಲಿ ಊರಿನ ಅಜ್ಜಿಯರೂ ಸಂಜೆ ಸಮುದ್ರದ ದಂಡೆಗೆ ಕುರ್ಚಿ ತಂದು ಕೂರುತ್ತಾರೆ.

ಪ್ರವಾಸಿಗರಿಗೆಂದೇ ಬೆಳೆದ ಬೆನಿಡಾರ್ಮ್‌ನಂಥ ಊರನ್ನು ಕಾಂಕ್ರೀಟ್ ಕಾಡು ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. 1950ರ ದಶಕದವರೆಗೂ ಮೀನುಗಾರರ ಹಳ್ಳಿಯಾಗಿದ್ದ ಅದು ಅಡ್ಡಕ್ಕೆ ಹರಡದೆ ಎತ್ತರಕ್ಕೆ ಬೆಳೆಯಿತು. ಕಡಿಮೆ ಜಾಗದಲ್ಲಿ ಹೆಚ್ಚು ಜನ, ಬೀಚಿಗೆ ನಡೆದೇ ಹೋಗಬಹುದು. ಯಾರದೋ ಹಳೆಯ ಬೀದಿಯನ್ನು ಹೋಟೆಲ್ ಮಾಡುವುದಕ್ಕಿಂತ ಇದು ವಾಸಿ.

‘ಜೀವನದಲ್ಲಿ ಒಮ್ಮೆ ಹೋಗುವುದು, ಬಾರ್ಸಿಲೋನಾ ಬಿಡಲಾಗುತ್ತದೆಯೇ?’ ಎನ್ನುವವರ ಮಾತಿನಲ್ಲೂ ನ್ಯಾಯವಿದೆ. 1882ರಲ್ಲಿ ಶುರುವಾದ ಸಗ್ರಾಡಾ ಫಮಿಲಿಯಾ ಚರ್ಚನ್ನು ನೋಡಲೇಬೇಕು. ಆದರೆ ನವೆಂಬರ್‌ನಲ್ಲಿ ನೋಡಿ, ಜನ ವಾಸಿಸಬೇಕಾದ ಫ್ಲ್ಯಾಟ್‌ನಲ್ಲಲ್ಲ, ಹಾಸ್ಟೆಲ್‌ನಲ್ಲೋ ಹೋಟೆಲ್‌ನಲ್ಲೋ ಉಳಿಯಿರಿ. ಟೊಮ್ಯಾಟಿನಾ ನಡೆಯುವ ಬುನ್ಯೋಲ್‌ನಲ್ಲಿ ಇರುವುದೇ ಸುಮಾರು ಹತ್ತು ಸಾವಿರ ಜನ. ನೂಕುನುಗ್ಗಲು ತಡೆಯಲಾಗದೆ 2013ರಲ್ಲಿ ಟಿಕೆಟ್ ಇಟ್ಟು 20 ಸಾವಿರಕ್ಕೆ ಮಿತಿ ಹಾಕಿದರು. ಸುಮಾರು ಒಂದು ಗಂಟೆಯ ಆ ಆಟಕ್ಕಾಗಿಯೇ ಇಡೀ ಪ್ರವಾಸವನ್ನು ಆಗಸ್ಟ್‌ಗೆ ಕಟ್ಟಿಹಾಕುವುದು ಬುದ್ಧಿವಂತಿಕೆಯಲ್ಲ.

ಇಲ್ಲಿಂದಲೇ ಹೋಗುವವರಿಗಂತೂ ಷೆಂಗೆನ್ ವೀಸಾ ಶುಲ್ಕವೇ 90 ಯೂರೊ. ಮೊದಲ ಸಂಬಳವನ್ನು ಕೂಡಿಟ್ಟು ಹೋಗುವ ಪ್ರವಾಸ ಅದು. ಅಷ್ಟು ಖರ್ಚು ಮಾಡಿ ಸೆಲ್ಫಿಗಾಗಿ ಕ್ಯೂ ನಿಲ್ಲುವ ಬದಲು, ನಮ್ಮನ್ನು ನೋಡಿ ಮುಖ ಸಿಂಡರಿಸದ ಊರಿನಲ್ಲಿ ನಾಲ್ಕು ದಿನ ಇದ್ದು ಬರುವುದು ಲೇಸು.